ಲಗ್ನಪತ್ರಿಕೆಯ ಬೆನ್ನು

ಡ್ರಾಯಿಂಗ್ ಶೀಟಿಗೆ ದುಡ್ಡಿರಲಿಲ್ಲ. ಮನೆಯಲ್ಲಿ
ಹಳೆಯ ಲಗ್ನಪತ್ರಿಕೆ ಇದ್ದರೆ ತನ್ನಿ ಅಂದೆ,
ಹಿಂಬದಿ ಬಿಳಿ ಇರಬೇಕು, ಅಷ್ಟೇ.
ಮರುದಿನ ಆರನೇ ಕ್ಲಾಸಿನ ಮೇಜಿನ ಮೇಲೆ
ಅರ್ಧ ದಾವಣಗೆರೆಗೆ ಮದುವೆ:
ಗಣಪತಿ, ಚಂದ್ರ, ನಕ್ಷತ್ರ, ಒಂದು ಶಿಲುಬೆ,
ಉಡುಗೊರೆ ಬೇಡವೆಂಬ ವಿನಂತಿ,
‘ನಮ್ಮ ಚಿಕ್ಕಮ್ಮನ ಮದುವೆಗೆ ತಪ್ಪದೇ ಬನ್ನಿ’ ಎಂದು ಕರೆಯುತ್ತಿರುವ,
ಇಷ್ಟೊತ್ತಿಗೆ ಮೀಸೆ ಬಂದಿರಬಹುದಾದ ಪುಟಾಣಿಗಳು.

ಬೆನ್ನಿಗೆ ಹರಳೆಣ್ಣೆ ಸವರಬೇಕು, ತೆಳ್ಳಗೆ.
ದೋಸೆ ಹಂಚಿಗೆ ಸುರಿದ ಹಾಗೆ ಅಲ್ಲ.
(ಬೆಣ್ಣೆದೋಸೆಯ ಊರು, ಹೇಳಲೇಬೇಕಾಯಿತು.)
ಒಂದೇ ಬಾಟಲಿಯಿಂದ ಎಲ್ಲರಿಗೂ ಒಂದೊಂದು ಮುಚ್ಚಳ ಎಣ್ಣೆ.
ನಾಲ್ಕು ದಿನ ತೂಗುಹಾಕಿ,
ಗಾಳಿ ಬಂದು ಕೂರಲಿ.

ಸೋಮವಾರ ಬೆಂಕಿಪೊಟ್ಟಣದ ರಟ್ಟಿನಲ್ಲಿ
ಒಂದು ಚೌಕದ ಕಿಟಕಿ ಕೊರೆದು,
ಭೂತಗನ್ನಡಿಯನ್ನು ಕೈಯಿಂದ ಕೈಗೆ ಸಾಗಿಸಿ ಎಣಿಸಿದೆವು.
ಚಂದ್ರಿಕಾ ಶಾಲೆಯ ಹಿಂದಿನ ಬೇವಿಗೆ ಕಟ್ಟಿದ್ದಳು:
ಹದಿನಾಲ್ಕು ಚುಕ್ಕೆ, ಮುಳುಗಿ ಸತ್ತ ಒಂದು ಇರುವೆ.
ಇರುವೆಯನ್ನು ಎಣಿಸಬೇಕೋ ಬೇಡವೋ
ಎಂದು ಹತ್ತು ನಿಮಿಷ ಜಗಳ.
ಅಂಜಿನಪ್ಪನದು ಪಿ.ಬಿ. ರೋಡಿನ ಪಂಕ್ಚರ್ ಅಂಗಡಿಯದು: ಐವತ್ತೆಂಟು.
ಮಂಡಕ್ಕಿ ಭಟ್ಟಿಯ ಗೋಡೆಗೆ ತೂಗಿದ್ದ ಹಾಲೇಶ
ಬಹಳ ಹೊತ್ತು ಬಗ್ಗಿ ನೋಡಿ ತಲೆಯೆತ್ತಿದ:
‘ಸರ್, ಬಿಳೇದನ್ನ ಎಣಸ್ಲಾ?’

ನಗು. ಆಮೇಲೆ ಯಾರೋ,
‘ಅವರಪ್ಪನ ಭಟ್ಟಿಯಿಂದಾನೇ ಸರ್ ಹೊಗಿ ಬರೋದು.’
ಹಾಲೇಶ ಎದ್ದು ನಿಂತ. ಕಿವಿ ಕೆಂಪು.
‘ಹೊಟ್ಟು ಉರೀದಿದ್ರ ಮಂಡಕ್ಕಿ ಹೆಂಗ ಅರಳ್ತಾವ?
ಸರ್ ಕೂಡ ತಿಂತಾರ. ನಾ ನೋಡೀನಿ.’
ತಿನ್ನುತ್ತೇನೆ. ನಿನ್ನೆ ಸಂಜೆಯೂ ತಿಂದೆ,
ಎರಡು ಮಿರ್ಚಿ ಜೊತೆಗೆ.
ಬೋರ್ಡಿನ ಮೇಲೆ ‘ಹೊಗೆಯ ಮೂಲಗಳು’ ಎಂದು ಬರೆದಿದ್ದೆ.
ಕೆಳಗೆ ನನ್ನ ಹೆಸರನ್ನೂ ಸೇರಿಸಿದೆ.
ಹಾಲೇಶ ಕೂತ.

ಕೊನೆಗೆ ತಸ್ಕೀನ್.
ನೋಟ್‌ಬುಕ್ಕಿನೊಳಗಿಂದ ತೆಗೆದಳು, ಹಕ್ಕಿಯ ಮರಿ ತೆಗೆದ ಹಾಗೆ.
ಮೂರೇ ಚುಕ್ಕೆ.
‘ಮೋಸ ಸರ್! ಒರೆಸ್ಯಾಳ!’
‘ಒರೆಸಿಲ್ಲ. ಟ್ರಂಕಿನ್ಯಾಗ ಇಟ್ಟಿದ್ದೆ.’
ಯಾಕೆ?
‘ಅಕ್ಕಂದು ಮದುವಿ ಕಾರ್ಡು ಸರ್. ಇದೊಂದೇ ಉಳದೈತಿ.
ಹೊರಗಿಟ್ರ ಗಲೀಜಾಗ್ತತಿ.’

ಬೈಯಲು ಬಾಯಿ ತೆರೆದಿದ್ದೆ.
ಆಗ ನೆನಪಾಯಿತು, ತಾಲ್ಲೂಕು ತರಬೇತಿಯ ಕೈಪಿಡಿಯಲ್ಲಿ,
ಚಹಾ ಚೆಲ್ಲಿಕೊಂಡು ನಾನು ಓದದೆ ಬಿಟ್ಟ ಪುಟದಲ್ಲಿ,
ಒಂದು ಸಾಲು ಇದ್ದಿರಲೇಬೇಕು:
ಗಾಳಿ ತಾಗದಂತೆ ಒಂದನ್ನು ಬೇರೆ ಇಡಿ.
ಇಲ್ಲದಿದ್ದರೆ ಯಾವುದು ಊರಿನ ಮಸಿ,
ಯಾವುದು ಎಣ್ಣೆಯದೇ ಗಸಿ, ಹೇಗೆ ತಿಳಿಯಬೇಕು?
ನಲವತ್ತೊಂದು ಮಕ್ಕಳ ಪ್ರಯೋಗದಲ್ಲಿ
ಮೇಷ್ಟ್ರು ಮರೆತದ್ದನ್ನು ಒಬ್ಬಳು ಮಾತ್ರ,
ಹೇಳಿದ ಮಾತು ಕೇಳದೆ, ಮಾಡಿದ್ದಳು.

‘ಎಲ್ಲರೂ ಮೂರು ಕಳೆಯಿರಿ’ ಅಂದೆ.
ಬೇವು ಹನ್ನೊಂದಾಯಿತು. ಪಿ.ಬಿ. ರೋಡು ಐವತ್ತೈದು.
ಹಾಲೇಶ ತನ್ನ ಕರಿಯಿಂದ ಮೂರು ಕಳೆದು,
ಗಂಭೀರವಾಗಿ ಹೇಳಿದ: ‘ಕರಿನೇ ಸರ್.’

ಗಂಟೆ ಬಾರಿಸಿದ ಮೇಲೂ ತಸ್ಕೀನ್ ನಿಂತಿದ್ದಳು.
ಎಣ್ಣೆ ಕಾಗದದೊಳಕ್ಕೆ ಇಳಿದುಬಿಟ್ಟಿತ್ತು,
ನುಸಿಗುಳಿಗೆಯ ವಾಸನೆಯೊಂದಿಗೆ.
ಅದನ್ನು ತೆಗೆಯುವ ವಿದ್ಯೆ ನನ್ನ ಬಳಿ ಇಲ್ಲ.
ಅಕ್ಕ ಬೈತಾಳಾ ಎಂದು ಕೇಳಿದೆ.
ಉತ್ತರಿಸದೆ ಅವಳು ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.
ಬೆನ್ನಿನಿಂದಲೇ ಅಕ್ಕನ ಹೆಸರು ಕಾಣುತ್ತಿತ್ತು,
ಕನ್ನಡದ ಅಕ್ಷರಗಳು ಬಲದಿಂದ ಎಡಕ್ಕೆ.
‘ಕನ್ನಡ ಉರ್ದು ಆಗೇತಿ ಸರ್!’ ನಕ್ಕಳು.
‘ಹಂಗಾರ ಉರ್ದು?’ ಅಂದೆ. ತಿರುಗಿಸಿ ಮುರುಗಿಸಿ
ಹುಡುಕತೊಡಗಿದಳು.

ಆಚೆ, ನಾಲ್ಕೂವರೆಯ ಭಟ್ಟಿ ಹೊತ್ತಿಕೊಂಡಿತು.
ಎದ್ದು ಕಿಟಕಿ ಮುಚ್ಚಿದೆ.
ಅವಳಿಗೆ ಬೆಳಕು ಸಾಲಲಿಲ್ಲ.
ಮತ್ತೆ ತೆರೆದೆ.