ಯಾವ ತಲೆಮಾರು

ಮೂರನೇ ಜನರೇಷನ್ ಎಂದಿದ್ದ ಮಾರುವವನು, ಫೋನಿನಲ್ಲಿ.
ಇನ್ನಾಸಪ್ಪ ಬಾಯೊಳಗೇ ನಕ್ಕರು:
ಮೊದಲು ಬಗ್ಗಿ ನೋಡೋಣಮ್ಮ,
ಹೊಟ್ಟೆಯೊಳಗಿನದನ್ನ ಮೇಲಿನ ಬಟ್ಟೆ ಹೇಳಲ್ಲ.

ಲಿಂಗರಾಜಪುರ, ಬೇಕರಿಯ ಮೇಲಿನ ಮಹಡಿ.
ಪೂಲ್ ಪಾರ್ಲರು ಮುಚ್ಚಿ ಎರಡು ವರ್ಷ.
ಶಟರ್ ಎತ್ತಿದರೆ ಕೆಳಗಿನಿಂದ ಬಿಸಿ ಬನ್ನಿನ ವಾಸನೆ,
ಒಳಗಿನಿಂದ ನೀಲಿ ಚಾಕಿನ ಧೂಳು,
ನಡುವೆ ಅದು,
ಬೆಡ್‌ಶೀಟು ಹೊದ್ದು ನಿಂತಲ್ಲೇ ನಿದ್ದೆ ಹೋದ ಎಮ್ಮೆ.

ಹೆಸರಿನ ಫಲಕವಿಲ್ಲ.
ಕಿತ್ತ ಜಾಗದಲ್ಲಿ ನಾಲ್ಕು ತೂತು, ಮಾಸದ ಒಂದು ಚೌಕ,
ಕ್ಯಾಲೆಂಡರ್ ತೆಗೆದ ಗೋಡೆಯಂತೆ.
‘ಯಾರ ಪೈಕಿ ಕಣಪ್ಪ ನೀನು?’
ಟೇಬಲ್ಲನ್ನೇ ಕೇಳಿದರು ಇನ್ನಾಸಪ್ಪ,
ಬಂದವರಿಗೆ ನೀರು ಕೊಡುವ ಮುಂಚೆ ಕೇಳುವ ದನಿಯಲ್ಲಿ.
ನನ್ನನ್ನೂ ಹಾಗೆ ಕೇಳಿದ್ದಾರೆ, ಬಾಡಿಗೆ ಮನೆ ಹುಡುಕುವಾಗ.
ಉತ್ತರ ಕೊಡದೆ ಮೆಟ್ಟಿಲಿಳಿದಿದ್ದೇನೆ.

ಅಂಗಾತ ಮಲಗಿ ಒಳಗೆ ಸರಿದರು. ನಾನು ಟಾರ್ಚು.
ಕೆಳಗಿನಿಂದ ದನಿ ಮಾತ್ರ ಬರುತ್ತಿತ್ತು:
ಸ್ಕ್ರೂ ತಲೆಗೆ ಒಂದೇ ಗೀರು. ಹಳೇದು.
ಇಲ್ಲ ಇಲ್ಲ, ಇಲ್ಲಿ ಪ್ಲಸ್ಸು. ಯಾರೋ ಕೈಯಾಡಿಸಿದ್ದಾರೆ.
ಚೆಂಡು ಹರಿಯೋ ದೋಣಿ ತಗಡಿಂದು, ಆಮೇಲಾಮೇಲೆ ಪ್ಲಾಸ್ಟಿಕ್ ಬಂತು.
ಅಂಚಿನ ರಬ್ಬರು ನಿನ್ನೆ ಮೊನ್ನೇದು, ಬೆರಳಿಟ್ಟರೆ ಒದೆಯುತ್ತೆ.
ಕಾಲು ಮೂರು ಒಡಹುಟ್ಟಿದವು,
ನಾಲ್ಕನೇದು ದತ್ತು.
ಒಂದು ರೂಪಾಯಿ ಹಾಕಮ್ಮ, ಬಾಯಿ ನೋಡೋಣ.

ಹಾಕಿದೆ. ನನ್ನ ನಾಣ್ಯ ಒಳಗೆ ಗಡಗಡಿಸಿ
ಎಲ್ಲೂ ಕಚ್ಚಿಕೊಳ್ಳದೆ ಅವರ ಎದೆಯ ಮೇಲೆ ಬಿತ್ತು.
‘ದೊಡ್ಡ ರೂಪಾಯಿ ಕಾಲದ ಬಾಯಿ ಇದು,’ ಎಂದರು.
ಆ ರೂಪಾಯಿಯನ್ನು ನಾನು ನೋಡಿದ್ದು
ಅಜ್ಜಿಯ ಸಾಸಿವೆ ಡಬ್ಬಿಯ ತಳದಲ್ಲಿ ಮಾತ್ರ.

ಹಾಗಾದರೆ ಮೊದಲನೇದೇ?
ಉತ್ತರವಿಲ್ಲ. ಗೆಣ್ಣಿನಿಂದ ಕಲ್ಲು ತಟ್ಟುವ ಸದ್ದು,
ಹಲಸಿನ ಹಣ್ಣು ಕೊಳ್ಳುವವರ ಹಾಗೆ.
ಒಂದೇ ಚಪ್ಪಡಿ, ಸಂದಿಲ್ಲ.
ಆಮೇಲೆ ತುಂಬಾ ಹೊತ್ತು ಏನೂ ಇಲ್ಲ.
ಕೈ ಸೋತು ಬೆಳಕು ಅಲ್ಲಾಡಿತು.
‘ನೆಟ್ಟಗೆ ಹಿಡಿ!’ ಗದರಿದರು, ಎಂದೂ ಗದರದವರು.

ಎಡ ಅಂಚಿನಲ್ಲಿ, ಕಲ್ಲಿಗೂ ಮರಕ್ಕೂ ನಡುವೆ,
ಮಟ್ಟಕ್ಕೆಂದು ತುರುಕಿದ ಒಂದು ಇಸ್ಪೀಟೆಲೆ.
ಹೊರಗೆ ಚಾಚಿದ ಮೂಲೆಯಲ್ಲಿ ಕಳಾವರ್ ಏಳು,
ಬೆನ್ನಿಗೆ ನೀಲಿ ನವಿಲಿನ ಬಾಲ.

ದೊಡ್ಡಿಗುಂಟೆಯ ಅವರ ಮನೆಯಲ್ಲಿ ಕಂಡಿದ್ದೇನೆ ಆ ಕಟ್ಟು:
ಐವತ್ತೊಂದು ನವಿಲು, ಒಂದು ಸಿಗರೇಟು ಪ್ಯಾಕಿನ ರಟ್ಟು.
ರಟ್ಟಿನ ಮೇಲೆ ಅರುಳಮ್ಮನವರ ಅಕ್ಷರ, ಕ ೭.
ರಮ್ಮಿ ಆಡುವಾಗ ಅದು ಯಾರ ಕೈಲಿದೆಯೆಂದು ಇಬ್ಬರಿಗೂ ಗೊತ್ತು;
ಗೊತ್ತಿಲ್ಲದವರಂತೆ ಆಡುತ್ತಾರೆ
ಮೂವತ್ತೇಳು ವರ್ಷದಿಂದ.

‘ಗೊತ್ತಾಯ್ತಾ ಸಾರ್, ಯಾವ ಜನರೇಷನ್ನು?’
ಮಾರುವವನು, ಬಾಗಿಲಲ್ಲಿ, ಬನ್ನು ಕಚ್ಚುತ್ತ.
ಇನ್ನಾಸಪ್ಪ ಈಚೆ ಬಂದರು. ಕೂದಲಲ್ಲಿ ಜೇಡರ ಬಲೆ.
‘ಕಲ್ಲು ಮೊದಲನೇದು. ಮೈ ಎರಡನೇದು. ರಬ್ಬರು ಯಾರ ಮನೇದೋ.
ಮೂರನೇದರ ರೇಟು ಕೊಡಲ್ಲ.’
ಎಂಟು ಸಾವಿರ ಇಳಿಸಿದರು. ಎಲೆಯ ಮಾತೆತ್ತಲಿಲ್ಲ.

ಮೆಟ್ಟಿಲ ಮೇಲೆ ನಾನೇ ಕೇಳಿದೆ, ತಗೋಬಹುದಿತ್ತಲ್ಲ?
‘ತೆಗೆದರೆ ಕಲ್ಲು ಕೂರುತ್ತೆ,’ ಎಂದರು,
‘ಚೆಂಡು ಎಡಕ್ಕೆ ಜಾರುತ್ತೆ.’
ಸಾಗಿಸುವಾಗ ಕಲ್ಲು ಎತ್ತಲೇಬೇಕಲ್ಲ, ಎನ್ನಲಿಲ್ಲ ನಾನು.

ಮಂಗಳವಾರ ಎಂಟು ಜನ ಉಸಿರು ಕಟ್ಟಿ
ನನ್ನ ಅಂಗಡಿಯಲ್ಲಿ ಚಪ್ಪಡಿ ಇಳಿಸಿದರು.
ಎಡ ಅಂಚಿಗೆ ಬಂದಾಗ ಇನ್ನಾಸಪ್ಪ
ಟಾರ್ಚ್ ಆರಿಸು ಎಂದರು. ಆರಿಸಿದೆ.
ಮಟ್ಟಗೋಲಿನ ಗುಳ್ಳೆ ಅತ್ತಿತ್ತ ಈಜಿ
ನಡುವೆ ನಿಂತಿತು.

ಚೆಂಡು ಈಗ ಬಿಟ್ಟ ದಾರಿಯಲ್ಲೇ ಹೋಗುತ್ತದೆ.
ನನ್ನ ಆ ಒಂದು ರೂಪಾಯಿ ಮಾತ್ರ
ಇನ್ನೂ ವಾಪಸು ಬಂದಿಲ್ಲ.