ಏಳನೇ ಪಕ್ಕೆಲುಬು

ಕೌಲ್ ಬಜಾರಿನ ಗುಜರಿ ಅಂಗಡಿಯಲ್ಲಿ
ಖಾಜಾಬಾಷ ಮೂರು ಹಲಗೆ ತಕ್ಕಡಿಗೆ ಹಾಕಿದ.
ಮುಳ್ಳು ಅಲುಗಲಿಲ್ಲ.
ಡಬ್ಬಿಯನ್ನೂ ಹಾಕಿದ, ಅಲುಗಿತು.
'ಕಟಿಗಿಗೆ ರೊಕ್ಕ ಬ್ಯಾಡ್ರಿ ಮಾಸ್ತರ,
ರಟ್ಟಿಂದು ಕೊಡ್ರಿ ಸಾಕು.'

ಹಾಗೆ ಬಂತು ಮನೆಗೆ ವಿಮಾನ, ಹನ್ನೆರಡು ರೂಪಾಯಿಗೆ.
ಮಡಿಕೆಯಲ್ಲೇ ಹರಿದ ನಕ್ಷೆ,
ಬೆಲ್ಲದಂತೆ ಕರಗಿ ಗಟ್ಟಿಯಾದ ರಬ್ಬರು,
ಹಲಗೆಯ ಮೇಲೆ ನೇರಳೆ ಶಾಯಿಯ ಗೆರೆಗಳು,
ಪ್ರತಿ ತುಂಡಿಗೂ ಒಂದು ನಂಬರು.

ನಾನು ಜೀನ್ಸ್ ಕಟಿಂಗ್ ಮಾಸ್ತರ.
ಅರವತ್ತು ಪದರ ನೀಲಿ ಒಂದರ ಮೇಲೊಂದು ಹಾಸಿ
ಒಂದೇ ಓಟಕ್ಕೆ ಸೀಳಿದ ಕೈ ಇದು,
ಎಷ್ಟೋ ಊರಿನ ಸೊಂಟ ಇದಕ್ಕೆ ಬಾಯಿಪಾಠ.
ನಮ್ಮ ಕಸುಬಿನಲ್ಲಿ ಗೆರೆಯಾಚೆ ಅರ್ಧ ಇಂಚು ಬಿಡಬೇಕು
ಹೊಲಿಗೆಗೆ, ಬೊಜ್ಜಿಗೆ.
ತಪ್ಪಾದರೆ ಆ ಅರ್ಧ ಇಂಚು ನುಂಗಿಕೊಳ್ಳುತ್ತದೆ.

ಇಲ್ಲಿ ಬಿಡುವ ಮಾತಿಲ್ಲ.
ಗೆರೆಗೇ ಒಂದು ದಪ್ಪ ಇದೆ, ಕೂದಲಿನಷ್ಟು.
ಒಳಗೆ ಕೊಯ್ಯಬೇಕೋ, ಹೊರಗೋ, ಗೆರೆಯ ಮೇಲೆಯೋ
ನಕ್ಷೆ ಹೇಳುವುದಿಲ್ಲ.
ಮೊದಲ ರಾತ್ರಿ ಅದೊಂದನ್ನೇ ನೋಡುತ್ತ ಕೂತೆ.

ಅರ್ಧ ಮುರಿದ ಶೇವಿಂಗ್ ಬ್ಲೇಡು.
ಎಳೆಯ ಗುಂಟ ಹೋದರೆ ಬ್ಲೇಡು ಓಡುತ್ತದೆ,
ನನಗೆ ಬೇಕಾದಲ್ಲಿಗಲ್ಲ, ಎಳೆಗೆ ಬೇಕಾದಲ್ಲಿಗೆ.
ಅಡ್ಡ ಹೋದರೆ ಉದುರುತ್ತದೆ ಹಳೇ ರಸ್ಕಿನಂತೆ.
ಮೊದಲ ಸಲ ಸುಮ್ಮನೆ ತಿಳಿಸಿ ಬರಬೇಕು;
ನಾಲ್ಕೋ ಐದೋ ಸಲ ಆದಮೇಲೆ
ತಾನಾಗಿ ಬಿಟ್ಟುಕೊಡುತ್ತದೆ.

ಮತ್ತೆ, ಫ್ಯಾನ್ ಆರಿಸಬೇಕು.
ಬಳ್ಳಾರಿ. ಮೇ ತಿಂಗಳು.
ಫ್ಯಾನ್ ಆರಿಸಬೇಕು.
ಒಂದು ದಿನ ತಡೆಯಲಾರದೆ ಹೊನ್ನೂರಮ್ಮ ಹಚ್ಚಿದಳು,
ಬಾಲದ ತುಂಡು ಎದ್ದು ಅಡುಗೆಮನೆಯತ್ತ ಹೋಯಿತು,
ಸಿಗಲೇ ಇಲ್ಲ.
'ಹಾರ್ತಲ್ಲ, ಇನ್ನೇನ್ ಬೇಕಂತ ನಿನಗ?'

ಹಣೆಯಿಂದ ಒಂದು ಹನಿ ಬಿದ್ದು
ಆರನೆಯದರ ಗೆರೆ ನೇರಳೆ ಮೋಡವಾಯಿತು.
ಅಂದಾಜಿನಲ್ಲಿ ಕೊಯ್ದೆ.

ಏಳನೆಯದು ಹಲಗೆಯಲ್ಲಿ ಇರಲಿಲ್ಲ.
ಅದರ ಆಕಾರದ ತೂತಿತ್ತು.
ತುಂಡು ಡಬ್ಬಿಯ ಮೂಲೆಯಲ್ಲಿ,
ಯಾರೋ ಎಂದೋ ಕೊಯ್ದು ಇಟ್ಟದ್ದು, ಒಂದೇ ಒಂದು.
ಹೆದರುತ್ತ ಗೆರೆಯಿಂದ ದೂರ ಸರಿದ ಕೈ,
ಮೂಗಿನ ಬಳಿ ಬ್ಲೇಡು ಜಾರಿದ ಕಚ್ಚು,
ಬದಿಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ:
ಉಳಿದವು ಭಾನುವಾರ.

ಯಾವ ಭಾನುವಾರವೋ.
ಪರೀಕ್ಷೆ ಬಂತೋ, ಅಪ್ಪನಿಗೆ ವರ್ಗವಾಯಿತೋ,
ಬೇಜಾರೇ ಬಂದಿರಬಹುದು. ಬರುತ್ತದೆ,
ನನಗೂ ಮೂರನೆಯದಕ್ಕೇ ಬಂದಿತ್ತು.

ತಿಕ್ಕಿ ಗೆರೆಗೆ ತರಬಹುದಿತ್ತು,
ಉಸುಕು ಕಾಗದ ಕೈಯಲ್ಲೇ ಇತ್ತು.
ಎರಡು ಸಲ ತಿಕ್ಕಿ ನಿಲ್ಲಿಸಿದೆ.
ಯಾರೋ ಬಿಟ್ಟ ಅಂಚು.
ಅಂಚಿನ ಲೆಕ್ಕ ನನಗೆ ಗೊತ್ತು.
ಹಾಗೇ ಅಂಟಿಸಿದೆ.
ಪತಂಗದ ಕಾಗದ ಹೊದಿಸಿದಾಗ ಎಡರೆಕ್ಕೆಯಲ್ಲಿ
ಚಾದರದೊಳಗೆ ಮಗುವಿನ ಮೊಣಕಾಲಿನಂತೆ
ಒಂದು ಉಬ್ಬು.

ಮಕ್ಕಳ ಪ್ಯಾಂಟಿನ ಎಲಾಸ್ಟಿಕ್ ಬಿಚ್ಚಿ ರಬ್ಬರಿನ ಎಳೆ ತೆಗೆದೆ,
ಮೂತಿಯಿಂದ ಬಾಲಕ್ಕೆ ಬಿಗಿದೆ.
ಮಂಗಳವಾರ, ಇನ್ನೂ ಆರಾಗಿಲ್ಲ,
ಮುನ್ಸಿಪಲ್ ಮೈದಾನ, ಗಾಳಿ ಮಲಗಿದೆ.
ಬೆರಳಿನಿಂದ ಇನ್ನೂರು ಸುತ್ತು.
ಬಿಟ್ಟೆ.

ನೇರ ಹೋಗಲಿಲ್ಲ.
ಎಡಕ್ಕೆ ವಾಲಿ, ಎಡಕ್ಕೇ ತಿರುಗಿ,
ಏಕಶಿಲೆಯ ಬೆಟ್ಟ ಕಂಡಿತೋ ಇಲ್ಲವೋ,
ವಾಕಿಂಗ್ ಮುದುಕರ ತಲೆಯ ಮೇಲೆ ಹಾದು
ದೊಡ್ಡದೊಂದು ಸುತ್ತು ಹಾಕಿ
ನನ್ನ ಬೆನ್ನ ಹಿಂದೆ ಇಳಿಯಿತು.
ಹನ್ನೊಂದು ಎಣಿಸಿದ್ದೆ.
'ಎಡಕ್ಕ ಎಳೀತೈತಲ್ರೀ' ಅಂದರು ಒಬ್ಬರು, ಸ್ಕೂಟರಿಗೆ ಅಂದಂತೆ.
'ಅದು ನಂದಲ್ರಿ' ಅಂದೆ.

ಎಂಟಕ್ಕೆ ಕೆಲಸ. ಅರವತ್ತು ಪದರ, ಸೀಮೆಸುಣ್ಣದ ಗೆರೆ,
ಗೆರೆಯಾಚೆ ಅರ್ಧ ಇಂಚು.

ಜೂನಿನಲ್ಲಿ ಹಿಟ್ಟಿನ ಡಬ್ಬಿ ಸರಿಸಿದಾಗ
ಹೊನ್ನೂರಮ್ಮನಿಗೆ ಬಾಲದ ತುಂಡು ಸಿಕ್ಕಿತು.
'ತಗೋ, ಕಣ್ಣು ಮುಚ್ಚು' ಅಂದಳು.
ಮುಚ್ಚಿದೆ, ಅಂಗೈ ಚಾಚಿದೆ.
ಇಟ್ಟಳೋ ಇಲ್ಲವೋ
ಕೈಗೆ ಗೊತ್ತಾಗಲಿಲ್ಲ.