ನಾಕ

ತಳಂಗರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸತು ಕೇಳಿದೆ.
ಹುಡುಗ ಕಣ್ಣು ಪಿಳಿಪಿಳಿ ಮಾಡಿದ.
ಒಳಗಿನಿಂದ ಅವನ ಮಾವನ ದನಿ:
ನಾಕಂ, ಮೋನೇ, ನಾಕಂ. ಮೇಲಿನ ಅಟ್ಟದಲ್ಲಿ ನೋಡು.

ಕನ್ನಡ ಮಾಧ್ಯಮದಲ್ಲಿ ಏಳರವರೆಗೆ ಓದಿದವಳು ನಾನು.
ನಾಕ ಎಂದರೆ ಸ್ವರ್ಗ,
ಪದ್ಯದಡಿಯ ಅರ್ಥಪಟ್ಟಿಯಲ್ಲಿ ಉರುಹೊಡೆದದ್ದು
ಇನ್ನೂ ನಾಲಿಗೆಯಲ್ಲಿದೆ.
ಎರಡು ಹೋಳಿನ ಬಳೆ, ತೂಕದ ಮೇಲೆ ರೇಟು.
ಒಂದೂವರೆ ಕಿಲೋ ಸ್ವರ್ಗ ತೂಗಿಸಿ
ಮೀನಿನ ಚೀಲಕ್ಕೆ ಹಾಕಿಕೊಂಡು ಹೊರಟೆ.

ಚಂದ್ರಗಿರಿ ಹೊಳೆ ಕಡಲಿಗೆ ಬಾಯಿಬಿಡುವಲ್ಲಿ
ದಿಮ್ಮಿಗಳ ಮೇಲೆ ಓರೆಯಾಗಿ ಕೂತಿತ್ತು
ಬೇಳದ ಕ್ರಾಸ್ತಾ ಪೊರ್ಬುಗಳ ಹಾಯಿದೋಣಿ, ಸೆವ್ರಿನ್.
ನೀರಿನ ಮೇಲಿನದೆಲ್ಲ ಗಾಳಿಯ ಲೆಕ್ಕ.
ಹೊಟ್ಟೆ ಮಾತ್ರ ನಮ್ಮದು,
ನನ್ನದು ಮತ್ತು ಅಂದುಂಞಿಯದು.

ಅಂದುಂಞಿ ಕಲಿಸಿದ್ದು ಇಷ್ಟೇ:
ಎರಡು ಬಗೆಯ ಲೋಹ ಒಂದೇ ನೀರಲ್ಲಿ ಕೂತರೆ
ಒಳಗೊಳಗೇ ಕೊಡುಕೊಳ್ಳುವಿಕೆ ಶುರು.
ಉಪ್ಪು ದಲ್ಲಾಳಿ.
ಒಂದು ಕೂತು ಉಣ್ಣುತ್ತದೆ, ಒಂದು ಕರಗುತ್ತದೆ.
ಉಣ್ಣುವುದಕ್ಕೆ ಪುಸ್ತಕದಲ್ಲಿ ಕುಲೀನ ಎಂದು ಹೆಸರಂತೆ.
ಮತ್ತೇನು, ಎಂದು ನಕ್ಕಿದ್ದ,
ಕುಲೀನರು ಕರಗಿದ್ದನ್ನು ಎಲ್ಲಾದರೂ ಕಂಡಿದ್ದೀಯ?

ಮೊದಲ ವರ್ಷದ ನನ್ನ ತಪ್ಪು ಹೇಳಿಬಿಡುತ್ತೇನೆ.
ಹೊಟ್ಟೆಗೆ ಕೆಂಪು ಬಳಿಯುತ್ತ ಬಳಿಯುತ್ತ
ಸತುವಿಗೂ ಎರಡು ಕೈ ಬಳಿದೆ.
ಅದೊಂದೇ ಬೋಳಾಗಿ ಕಾಣುತ್ತಿತ್ತು, ಪಾಪ ಅನಿಸಿತು.
ಹನ್ನೊಂದು ತಿಂಗಳ ಮೇಲೆ ದೋಣಿ ಎಳೆದಾಗ
ಸತು ಹಾಗೇ ಇತ್ತು, ಅಂಚು ಕೂಡ ಮುಕ್ಕಾಗಿರಲಿಲ್ಲ.
ನೋಡಿ, ಹೊಸದರ ಹಾಗಿದೆ! ಕೂಗಿದೆ.

ಅಂದುಂಞಿ ಅದನ್ನು ನೋಡಲೇ ಇಲ್ಲ.
ಪ್ರೊಪೆಲರಿನ ರೆಕ್ಕೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ.
ಗಂಟೆಯ ಸದ್ದು ಬರಬೇಕಿತ್ತು.
ಒಡಕು ಮಡಕೆಯ ಸದ್ದು ಬಂತು.
ಹಳದಿ ಹೋಗಿ ಗುಲಾಬಿ, ಒಸಡಿನ ಬಣ್ಣ.
ಉಗುರಲ್ಲಿ ಕೆರೆದರೆ ನೆನೆದ ರಸ್ಕಿನಂತೆ ಉದುರಿತು.
ಕಂಚೆಂದು ಮಾರಿದ್ದರೊಳಗೆ ಹಿತ್ತಾಳೆ,
ಹಿತ್ತಾಳೆಯೊಳಗೆ ಮತ್ತೆ ಸತು.
ಹೊರಗಿನ ನಾಕದ ಬಾಯಿಯನ್ನು ನಾನು ಬಣ್ಣದಲ್ಲಿ ಮುಚ್ಚಿದ್ದಕ್ಕೆ
ಕಡಲು ಒಳಗಿನ ನಾಕವನ್ನು
ಒಂದೊಂದೇ ಹೆಕ್ಕಿ ತಿಂದಿತ್ತು.

ಪೊರ್ಬುಗಳು ಬೈಯಲಿಲ್ಲ.
ಕೂಲಿಯಲ್ಲಿ ಹಿಡಿಯಲೂ ಇಲ್ಲ.
ಅದೇ ಹೆಚ್ಚು ಉರಿಯಿತು.

ಈ ಸಲ ಶಾಫ್ಟನ್ನು ಬೆಳ್ಳಗಾಗುವವರೆಗೆ ಉಜ್ಜಿದೆ,
ಲೋಹಕ್ಕೆ ಲೋಹ ತಾಗಬೇಕು, ನಡುವೆ ಕೊಳೆಯೂ ಇರಬಾರದು.
ಎರಡು ಹೋಳು ಕೂಡಿಸಿ ಬೋಲ್ಟು ಬಿಗಿದೆ.
ಬಣ್ಣದ ಡಬ್ಬವನ್ನು ತೆಂಗಿನ ಬುಡಕ್ಕೆ ಇಟ್ಟು ಬಂದೆ,
ಕೈಗೆ ಸಿಗದಷ್ಟು ದೂರ.

ಪೊರ್ಬುಗಳ ಕೈಪಿಡಿಯಲ್ಲಿ ಇದಕ್ಕೆ ಬಲಿ ಅನ್ನುತ್ತಾರಂತೆ.
ನನಗೆ ಒಪ್ಪಿಗೆಯಿಲ್ಲ.
ಬಲಿ ಎಂದರೆ ಹೂವು, ಅರಿಶಿನ, ಒಂದು ದಿನದ ಗದ್ದಲ,
ಆಮೇಲೆ ಊಟ.
ಇದಕ್ಕೆ ಅದೆಲ್ಲ ಬೇಡ.
ಬೇಗ ಕರಗುವ ಜಾತಿ, ಕರಗುತ್ತದೆ.
ಆಗಾಗ ಒಬ್ಬರು ಮುಳುಗಿ
ಎಷ್ಟು ಉಳಿದಿದೆ ಎಂದು ಕೈಯಲ್ಲಿ ಮುಟ್ಟಿ ನೋಡಿದರೆ ಸಾಕು.
ಅರ್ಧವಾದರೆ ಬದಲಿಸಬೇಕು.
ಪೂರ್ತಿ ಮುಗಿಯಲಿ ಎಂದು ಕಾಯುವುದು ಜಿಪುಣತನ.

ಮಳೆಗಾಲ ಹೋಗಿ ಹೊಳೆಗೆ ಉಪ್ಪು ಮರಳಿದ ಮೇಲೆ
ಇಳಿತದ ಹೊತ್ತಿಗೆ ಮುಳುಗಿದೆ.
ಕೆಸರು ನೀರು, ಕಣ್ಣಿಗೇನೂ ಇಲ್ಲ.
ಬೆರಳಿಗೆ ಸಿಕ್ಕಿತು: ಹೊಂಡ ಹೊಂಡ,
ಇರುವೆ ಮುತ್ತಿದ ಬೆಲ್ಲದ ಅಚ್ಚು.
ಮೇಲೆ ಬಂದು ಉಗುಳಿ ಹೇಳಿದೆ,
ಹೋಗ್ತಾ ಉಂಟು.
ನಲ್ಲದ್, ಅಂದ ಅಂದುಂಞಿ. ಬೀಡಿ ಹಚ್ಚಿದ.

ಮರುವರ್ಷ ಸವೆದ ಹೋಳುಗಳನ್ನು ಗುಜರಿಗೆ ಒಯ್ದೆ,
ಅದೇ ಅಂಗಡಿ, ಹುಡುಗನಿಗೆ ಮೀಸೆ ಚಿಗುರಿತ್ತು.
ತಕ್ಕಡಿಗಿಟ್ಟ. ಏಳುನೂರು ಗ್ರಾಮ್.
ಹಳೇ ಚೀಟಿ ತೆಗೆದು ನೋಡಿದ, ಹುಬ್ಬು ಗಂಟಿಕ್ಕಿದ:
ಒಂದೂವರೆ ಕಿಲೋ ಒಯ್ದಿದ್ದಿರಲ್ಲ ಅಕ್ಕ,
ಬಾಕಿ ಎಲ್ಲಿ?

ಹೊಳೆಯ ಕಡೆ ತೋರಿಸಿದೆ.
ಸೆವ್ರಿನ್ ಆಗಷ್ಟೇ ಹಾಯಿ ಬಿಚ್ಚುತ್ತಿತ್ತು.